ತುರ್ತಾಗಿ ಪದ ಬೇಕಿದೆ: 1776ರ ಅಮೆರಿಕದ ‘ಡಿಕ್ಲರೇಷನ್’ಗೆ ಕನ್ನಡದಲ್ಲಿ ಏನನ್ನಬೇಕು?

ಫಿಲಡೆಲ್ಫಿಯಾ ಬಳಿಯಿಂದ:

ಬಳಗದ ಹಿರಿಯರಿಗೆ ನಮಸ್ಕಾರ. 2026ರ ಜುಲೈ 4ಕ್ಕೆ ಅಮೆರಿಕದ ಡಿಕ್ಲರೇಷನ್ ಆಫ್ ಇಂಡಿಪೆಂಡೆನ್ಸ್‌ಗೆ 250 ವರ್ಷ ತುಂಬುತ್ತದೆ. ನಮ್ಮ ಕಡೆಯ ಗ್ರಂಥಾಲಯವೊಂದು ಊರಿನಲ್ಲಿ ಕೇಳಿಬರುವ ಭಾಷೆಗಳಲ್ಲೆಲ್ಲ ಒಂದೊಂದು ಫಲಕ ಹಾಕುತ್ತಿದೆ. ಕನ್ನಡದ ಫಲಕ ನಮ್ಮ ಸಂಘದ ಪಾಲಿಗೆ ಬಂದಿದೆ, ಬರೆಯುವ ಹೊಣೆ ನನ್ನ ಮೇಲಿದೆ. ಶುಕ್ರವಾರ ಮುದ್ರಣಕ್ಕೆ ಹೋಗಬೇಕು.

ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, ಶೀರ್ಷಿಕೆ. ‘ಸ್ವಾತಂತ್ರ್ಯ ಘೋಷಣೆ’ ಎಂದು ಬರೆದರೆ ನಮ್ಮ ಮಕ್ಕಳು ಅದನ್ನು ಮೆರವಣಿಗೆಯಲ್ಲಿ ಕೂಗುವ ಘೋಷಣೆ ಎಂದುಕೊಳ್ಳುತ್ತಾರೆ. ‘ಘೋಷಣಾಪತ್ರ’ ಸರಿಯೇ? ಎರಡು, ‘ಅನ್‌ಏಲಿಯನಬಲ್’ ಹಕ್ಕುಗಳು. ಸದ್ಯಕ್ಕೆ ‘ಯಾರೂ ಕಸಿದುಕೊಳ್ಳಲಾಗದ ಹಕ್ಕುಗಳು’ ಎಂದು ಹಾಕಿದ್ದೇನೆ. ಮೂರನೆಯದು ನನ್ನನ್ನು ನಿಜವಾಗಿ ಕಾಡುತ್ತಿದೆ. ಆ ಡಿಕ್ಲರೇಷನ್ನಿನ ಕರಡು ಬರೆದ ಥಾಮಸ್ ಜೆಫರ್ಸನ್ ಅದರಲ್ಲಿ ಒಂದು ಕಡೆ ‘ಸಬ್ಜೆಕ್ಟ್ಸ್’ ಎಂದು ಬರೆದು, ಶಾಯಿ ಆರುವ ಮೊದಲೇ ಅದನ್ನು ಉಜ್ಜಿ, ಅದೇ ಜಾಗದಲ್ಲಿ ‘ಸಿಟಿಜನ್ಸ್’ ಎಂದು ಬರೆದಿದ್ದಾನೆ. ಲೈಬ್ರರಿ ಆಫ್ ಕಾಂಗ್ರೆಸ್‌ನವರು ಬೆಳಕಿನ ಬೇರೆ ಬೇರೆ ತರಂಗಗಳಲ್ಲಿ ಆ ಹಾಳೆಯ ಚಿತ್ರ ತೆಗೆದು, ಅಡಿಯಲ್ಲಿದ್ದ ಪದವನ್ನು 2010ರಲ್ಲಿ ಹೊರಗಿಟ್ಟರು. ಫಲಕದಲ್ಲಿ ಆ ತುಣುಕಿನ ಚಿತ್ರವಿರುತ್ತದೆ, ಕೆಳಗೆ ಕನ್ನಡದ ವಿವರಣೆ ಬೇಕು. ನಾನು ಬರೆದಿರುವ ಸಾಲು ಹೀಗಿದೆ: ‘ಪ್ರಜೆಗಳು ಎಂಬುದನ್ನು ಅಳಿಸಿ ಪ್ರಜೆಗಳು ಎಂದು ಬರೆದ.’ ಇದನ್ನು ಗೋಡೆಗೆ ಹಾಕಲಾಗುವುದಿಲ್ಲ. ದಯವಿಟ್ಟು ದಾರಿ ತೋರಿಸಿ.

ಮೈಸೂರಿನಿಂದ:

ಸ್ವಾತಂತ್ರ್ಯ ಘೋಷಣೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಯ-ಒತ್ತು ಬಿಡಬೇಡಿ. ಆಗಸ್ಟ್ ಬಂದರೆ ಅರ್ಧ ಊರಿನ ಬ್ಯಾನರುಗಳಲ್ಲಿ ‘ಸ್ವಾತಂತ್ರ’ ಎಂದಿರುತ್ತದೆ. ಸ್ವತಂತ್ರ ವಿಶೇಷಣ, ಸ್ವಾತಂತ್ರ್ಯ ಭಾವನಾಮ. ಆದಿವೃದ್ಧಿ ಬಂದ ಮೇಲೆ ಯ-ಕಾರ ಎಲ್ಲಿಗೆ ಹೋಯಿತು? ಪದದ ಅರ್ಥ ಬೇಕಿದ್ದರೆ ಪಾಣಿನಿಯ ‘ಸ್ವತಂತ್ರಃ ಕರ್ತಾ’ ನೋಡಿ. ವಾಕ್ಯದಲ್ಲಿ ಯಾರು ಮತ್ತೊಬ್ಬರ ಪ್ರೇರಣೆಗೆ ಕಾಯದೆ ಕ್ರಿಯೆಗೆ ತಾನೇ ಮೂಲವೋ ಅವನು ಕರ್ತೃ. ಹದಿಮೂರು ವಸಾಹತುಗಳು ಅಲ್ಲಿಯವರೆಗೆ ಕರ್ಮಕಾರಕದಲ್ಲಿದ್ದವು, ಜುಲೈಯಲ್ಲಿ ಕರ್ತೃಕಾರಕಕ್ಕೆ ಬಂದವು. ಇದಕ್ಕಿಂತ ನಿಖರವಾದ ಪದ ಯಾವ ಭಾಷೆಯಲ್ಲಿದೆ?

‘ಘೋಷಣಾಪತ್ರ’ ಹಿಂದಿಯ ದಾರಿ. ಅಲ್ಲಿ ಅದು ಚುನಾವಣೆಯ ಪ್ರಣಾಳಿಕೆ. ಬೇಡ.

ಸಾಗರದಿಂದ:

ಮೇಷ್ಟ್ರೇ, ಎರಡು ಪದದ ಶೀರ್ಷಿಕೆಯಲ್ಲಿ ಎರಡೂ ಸಂಸ್ಕೃತ. ಫಲಕ ಕನ್ನಡದ್ದು ಎಂದು ಗ್ರಂಥಾಲಯದವರು ನಂಬಿದ್ದಾರೆ.

ನಮ್ಮಲ್ಲಿ ‘ಸಾರು’ ಎಂಬ ಕ್ರಿಯಾಪದವಿದೆ. ಡಂಗುರ ಸಾರುತ್ತೇವೆ, ಊರಿಗೆಲ್ಲ ಸಾರಿ ಹೇಳುತ್ತೇವೆ. ತಮಿಳಿನ ‘ಸಾಟ್ರು’, ತೆಲುಗಿನ ‘ಚಾಟು’ ಇದರ ಒಡಹುಟ್ಟುಗಳು. ‘ಬಿಡುಗಡೆಯ ಸಾರಿಕೆ’ ಎಂದರೆ ಓದು ಬಾರದ ಅಜ್ಜಿಗೂ ತಿಳಿಯುತ್ತದೆ, ಮಹಾಪ್ರಾಣದ ಗೊಡವೆಯೂ ಇಲ್ಲ. ಬೇಕಿದ್ದರೆ ‘ಸಾರಣೆ’ ಎನ್ನಿ.

ಮೈಸೂರಿನಿಂದ:

ಸಾರಣೆ ಎಂದರೆ ನೆಲಕ್ಕೆ ಸಗಣಿ ಬಳಿಯುವುದು, ಗೋಡೆಗೆ ಗಾರೆ ಮೆತ್ತುವುದು. ಫಲಕ ನೋಡಿದವರು ಅಮೆರಿಕದಲ್ಲಿ ಗಾರೆ ಕೆಲಸ ನಡೆಯಿತೆಂದು ತಿಳಿಯಲಿ ಎನ್ನುತ್ತೀರಾ?

ನೀವು ಹೇಳುವ ಸಾರು ಶಕಟರೇಫದ, ಎಂದರೆ ಹಳಗನ್ನಡದ ಱ ಅಕ್ಷರದ, ಸಾಱು. ಹತ್ತಿರ ಬರು ಎಂಬರ್ಥದ ಸಾರ್ ಬೇರೆ. ಹೊಸಗನ್ನಡದಲ್ಲಿ ಎರಡೂ ಕೂಡಿಕೊಂಡು, ಊಟದ ಸಾರೂ ಜೊತೆಗೆ ಸೇರಿ, ನಾಮಪದ ಮಾಡಿದರೆ ಯಾವುದೆಂದು ತಿಳಿಯುವುದಿಲ್ಲ. ಕ್ರಿಯಾಪದವಾಗಿ ‘ಸಾರಿದರು’ ಎಂದು ಬಳಸಿ, ಯಾರೂ ಬೇಡ ಎನ್ನುವುದಿಲ್ಲ.

‘ಬಿಡುಗಡೆ’ಯಂತೂ ಸುತರಾಂ ಕೂಡದು. ಜೈಲಿನಿಂದ ಬಿಡುಗಡೆ, ನೀರಿನ ಬಿಡುಗಡೆ, ಅನುದಾನದ ಬಿಡುಗಡೆ. ಎಲ್ಲದರಲ್ಲೂ ಬಿಡುವ ಕೈ ಬೇರೆಯವರದು. 1776ರಲ್ಲಿ ಬ್ರಿಟನ್ನಿನ ರಾಜ ಮೂರನೆಯ ಜಾರ್ಜ್ ಯಾರನ್ನೂ ಬಿಡಲಿಲ್ಲ.

ಕಲಬುರಗಿಯಿಂದ:

ನೀವಿಬ್ಬರೂ ಮನೆಯಲ್ಲಿರುವ ಪದವನ್ನು ಮರೆತು ಹೊರಗೆ ಹುಡುಕುತ್ತಿದ್ದೀರಿ. ‘ಜಾಹೀರು’ ಇದೆಯಲ್ಲ? ಲ್ಯಾಟಿನ್ನಿನ ‘ದೆಕ್ಲಾರಾರೆ’ಯ ಒಳಗಿರುವುದು ‘ಕ್ಲಾರುಸ್’, ಎಂದರೆ ನಿಚ್ಚಳ. ಅರಬ್ಬಿಯ ‘ಜಾಹಿರ್’ ಎಂದರೂ ಕಣ್ಣಿಗೆ ಕಾಣುವಂಥದ್ದು, ಪ್ರಕಟವಾದದ್ದು. ಎರಡು ಭಾಷೆಗಳೂ ಒಂದೇ ಕಲ್ಪನೆಯಿಂದ ಹೊರಟಿವೆ: ಮುಚ್ಚಿದ್ದನ್ನು ಬೆಳಕಿಗೆ ತರುವುದು. ಘೋಷಣೆಯಲ್ಲಿ ಸದ್ದು ಮಾತ್ರ ಇದೆ, ಬೆಳಕಿಲ್ಲ. ‘ಸ್ವಾತಂತ್ರ್ಯದ ಜಾಹೀರುನಾಮೆ’ ಎಂದು ಬರೆಯಿರಿ. ನಮ್ಮ ಭಾಗದ ಹಳೆಯ ಕಾಗದಪತ್ರ ನೋಡಿದವರಿಗೆ ಇದು ಹೊಸದಲ್ಲ.

ಮೈಸೂರಿನಿಂದ:

ಅರೆ ಓದಿನ ನಿರುಕ್ತ (ಪದಮೂಲದ ವಿವರಣೆ). ಕ್ಲಾರುಸ್ ಮೊದಲು ಧ್ವನಿಯ ಪದ. ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳಿಸುವುದು ಎಂಬುದು ಅದರ ಹಳೆಯ ಅರ್ಥ. ಕೂಗು ಎಂಬರ್ಥದ ‘ಕ್ಲಾಮಾರೆ’ಯ ಬಳಗದ್ದು ಅದು. ಬೆಳಕಿಗೆ ಅನ್ವಯಿಸಿದ್ದು ಆಮೇಲೆ. ನಮ್ಮ ಘುಷ್ ಧಾತುವೂ ಸದ್ದು ಮಾಡುವುದೇ. ನೀವೇ ತಂದ ಲ್ಯಾಟಿನ್ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದೆ.

ಕಲಬುರಗಿಯಿಂದ:

ಸಾಕ್ಷಿ ಹೇಳಲಿ. ಜಾಹೀರಾತು ಇಲ್ಲದೆ ನಿಮ್ಮ ಮೈಸೂರಿನ ಒಂದು ಪತ್ರಿಕೆಯೂ ಅಚ್ಚಾಗುವುದಿಲ್ಲ. ಆ ಪದಕ್ಕೆ ಅಂಗಡಿಯವರೆಗೆ ಮಾತ್ರ ಪ್ರವೇಶ, ರಾಷ್ಟ್ರದ ಮಾತಿಗೆ ಇಲ್ಲ ಎಂಬ ಮಡಿ ಏಕೆ ಎಂದು ಕೇಳುತ್ತಿದ್ದೇನೆ.

ಧಾರವಾಡದಿಂದ:

ಕೇಳಿದವರಿಗೆ ಶುಕ್ರವಾರದೊಳಗೆ ಫಲಕ ಬೇಕು. ಅವರು ನಿರುಕ್ತ ಕೇಳಿಲ್ಲ. ನಾನು ಬಹಳ ಕಾಲ ಕೋರ್ಟಿನ ಕಾಗದಗಳನ್ನು ಕನ್ನಡಕ್ಕೆ ತಂದವನು. ಪದ ಆರಿಸುವ ಮೊದಲು ಆ ಕಾಗದ ಏನು ಕೆಲಸ ಮಾಡಿತು ಎಂದು ನೋಡೋಣ.

1776ರ ಜೂನ್ 7ರಂದು ವರ್ಜೀನಿಯಾದ ರಿಚರ್ಡ್ ಹೆನ್ರಿ ಲೀ ವಸಾಹತುಗಳ ಪ್ರತಿನಿಧಿಸಭೆಯಾದ ಕಾಂಗ್ರೆಸ್ಸಿನ ಮುಂದೆ ಒಂದು ಠರಾವು ಇಟ್ಟ. ಈ ವಸಾಹತುಗಳು ಸ್ವತಂತ್ರ ರಾಜ್ಯಗಳಾಗಿವೆ, ಆಗಿರುವುದೇ ನ್ಯಾಯ, ಬ್ರಿಟಿಷ್ ದೊರೆತನಕ್ಕೆ ಅವು ಯಾವ ನಿಷ್ಠೆಯನ್ನೂ ಸಲ್ಲಿಸಬೇಕಿಲ್ಲ ಎಂಬುದು ಅದರ ತಿರುಳು. ಮತಕ್ಕೆ ಹಾಕುವುದನ್ನು ಕೆಲವು ವಾರ ಮುಂದೂಡಿದರು. ಅಷ್ಟರಲ್ಲಿ ಜೂನ್ 11ರಂದು ಐವರ ಸಮಿತಿ ಮಾಡಿದರು: ಜೆಫರ್ಸನ್, ಜಾನ್ ಆಡಮ್ಸ್, ಫ್ರಾಂಕ್ಲಿನ್, ರೋಜರ್ ಶರ್ಮನ್, ರಾಬರ್ಟ್ ಲಿವಿಂಗ್‌ಸ್ಟನ್. ಫಿಲಡೆಲ್ಫಿಯಾದಲ್ಲಿ ಗ್ರಾಫ್ ಎಂಬ ಇಟ್ಟಿಗೆ ಕೆಲಸದವನ ಮನೆಯಲ್ಲಿ ಬಾಡಿಗೆಗಿದ್ದ ಜೆಫರ್ಸನ್ ಅಲ್ಲಿಯೇ ಕರಡು ಬರೆದ. ಲೀಯ ಠರಾವು ಜುಲೈ 2ರಂದು ಪಾಸಾಯಿತು. ಹನ್ನೆರಡು ವಸಾಹತುಗಳು ಒಪ್ಪಿದವು, ಮೇಲಿನಿಂದ ಅನುಮತಿ ಬಂದಿಲ್ಲವೆಂದು ನ್ಯೂಯಾರ್ಕ್ ಸುಮ್ಮನಿತ್ತು. ಸಂಬಂಧ ಹರಿದದ್ದು ಅಂದೇ. ಮಾರನೆಯ ದಿನ ಆಡಮ್ಸ್ ಹೆಂಡತಿಗೆ ಪತ್ರ ಬರೆದು, ಮುಂದಿನ ಪೀಳಿಗೆಗಳು ಜುಲೈ 2ನ್ನು ಹಬ್ಬವಾಗಿ ಆಚರಿಸುತ್ತವೆ ಎಂದ. ಹಬ್ಬ ನೆಲೆಯಾದದ್ದು ಜುಲೈ 4ಕ್ಕೆ, ಬರಹಕ್ಕೆ ಒಪ್ಪಿಗೆ ಸಿಕ್ಕ ದಿನಕ್ಕೆ.

ಹಾಗಾದರೆ ಸ್ವಾತಂತ್ರ್ಯದ ನಿರ್ಧಾರ ಜುಲೈ 2ರದು, ಜುಲೈ 4ರ ಕಾಗದ ಆ ನಿರ್ಧಾರದ ಸಮರ್ಥನೆ. ಮೊದಲ ವಾಕ್ಯದಲ್ಲೇ ಅದು ತನ್ನ ಉದ್ದೇಶವನ್ನು ಹೇಳಿಕೊಳ್ಳುತ್ತದೆ: ಒಂದು ಜನ ಮತ್ತೊಂದು ಜನದಿಂದ ಬೇರ್ಪಡಬೇಕಾದಾಗ, ಮನುಕುಲದ ಅಭಿಪ್ರಾಯಕ್ಕೆ ಗೌರವ ಕೊಟ್ಟು, ಕಾರಣಗಳನ್ನು ತಿಳಿಸಬೇಕು. ಆಮೇಲೆ ರಾಜನ ಮೇಲೆ ಇಪ್ಪತ್ತೇಳು ದೂರುಗಳು ಸಾಲಾಗಿ ಬರುತ್ತವೆ. ನಮ್ಮ ಶಾಸನಗಳಿಗೆ ಒಪ್ಪಿಗೆ ಕೊಡಲಿಲ್ಲ, ನ್ಯಾಯಾಧೀಶರ ಸಂಬಳವನ್ನೂ ಹುದ್ದೆಯನ್ನೂ ತನ್ನ ಮರ್ಜಿಗೆ ಕಟ್ಟಿಕೊಂಡ, ಶಾಂತಿಕಾಲದಲ್ಲಿ ನಮ್ಮ ನಡುವೆ ಸೈನ್ಯವಿಟ್ಟ, ನಮ್ಮ ಸಮ್ಮತಿಯಿಲ್ಲದೆ ತೆರಿಗೆ ಹೇರಿದ. ದೂರುಗಳಿಗೆ ಮುನ್ನ, ಸಂಗತಿಗಳನ್ನು ನಿಷ್ಪಕ್ಷಪಾತಿಯಾದ ಜಗತ್ತಿನ ಮುಂದೆ ಇಡುತ್ತಿದ್ದೇವೆ ಎಂಬ ಮಾತು. ಕೋರ್ಟಿನಲ್ಲಿ ಇದ್ದವರಿಗೆ ಇದರ ಧಾಟಿ ಕೂಡಲೇ ಹೊಳೆಯುತ್ತದೆ, ಇದು ವಾದಪತ್ರ. ಇಂಗ್ಲಿಷ್ ಕಾಮನ್ ಲಾದಲ್ಲಿ ವಾದಿ ತನ್ನ ದಾವೆಯ ಸಂಗತಿಗಳನ್ನು ಮೊದಲು ಬರೆದು ಸಲ್ಲಿಸುವ ಪತ್ರಕ್ಕೆ ‘ಡಿಕ್ಲರೇಷನ್’ ಎಂದೇ ಹೆಸರಿತ್ತು. ಜೆಫರ್ಸನ್ ವಕೀಲ.

ಇನ್ನು ನಮ್ಮ ಕೋರ್ಟುಗಳನ್ನು ನೋಡಿ. ‘ಹಕ್ಕು ಘೋಷಣೆಯ ದಾವೆ’ ಎಂದು ದಿನನಿತ್ಯ ಬರೆಯುತ್ತೇವೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೆಯ ಕಲಮಿನ ಪ್ರಕಾರ ಹಾಕುವ ದಾವೆ ಅದು. ಜಮೀನು ನನ್ನದೆಂದು ಘೋಷಿಸಬೇಕು ಎಂದು ಒಬ್ಬ ಕೇಳುತ್ತಾನೆ. ಕೋರ್ಟು ಅವನಿಗೆ ಹೊಸದಾಗಿ ಜಮೀನು ಕೊಡುವುದಿಲ್ಲ. ಮೊದಲಿನಿಂದ ಇದ್ದ ಹಕ್ಕು ಇದೆ ಎಂದು ಸ್ಪಷ್ಟಪಡಿಸುತ್ತದೆ, ಅಷ್ಟೆ. 1776ರ ಬರಹದ ಕೊನೆಯ ಭಾಗವೂ ಇದೇ ಅರ್ಥದ್ದು. ಈ ವಸಾಹತುಗಳು ಸ್ವತಂತ್ರ ಆಗುತ್ತವೆ, ಆಗಲಿ ಎಂದು ಅಲ್ಲಿಲ್ಲ. ಆಗಿವೆ ಎಂದಿದೆ, ನ್ಯಾಯವಾಗಿ ಆಗಿರತಕ್ಕವು ಎಂದಿದೆ. ಆದ್ದರಿಂದ ಮೈಸೂರಿನವರ ‘ಘೋಷಣೆ’ಯನ್ನೇ ನಾನೂ ಒಪ್ಪುತ್ತೇನೆ. ನನ್ನ ಕಾರಣ ಪಾಣಿನಿಯಲ್ಲ, ನಮ್ಮ ಮುನ್ಸೀಫ್ ಕೋರ್ಟು. ಮೆರವಣಿಗೆಯ ಘೋಷಣೆ ಒಂದು, ದಾವೆಯ ಘೋಷಣೆ ಇನ್ನೊಂದು. ಕನ್ನಡಿಗರಿಗೆ ಎರಡೂ ಗೊತ್ತು.

ಫಲಕದಲ್ಲಿ ‘ಈ ದಿನ ಅಮೆರಿಕ ಸ್ವಾತಂತ್ರ್ಯ ಪಡೆಯಿತು’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ. ಪಡೆಯುವುದಕ್ಕೆ ಕೊಡುವವನು ಬೇಕು. ನಮ್ಮದು 1947ರ ಜುಲೈ 18ರಂದು ರಾಜನ ಅಂಕಿತ ಬಿದ್ದ ಬ್ರಿಟಿಷ್ ಸಂಸತ್ತಿನ ಕಾಯ್ದೆಯ ಮೂಲಕ ಆಯಿತು. ಅವರದು ಹಾಗಲ್ಲ. ನಮ್ಮ ಆಗಸ್ಟ್ 15ರ ರೂಢಿಯ ಮಾತನ್ನು ಅಲ್ಲಿಗೆ ಅಂಟಿಸಿದರೆ ಇತಿಹಾಸವೇ ತಪ್ಪಾಗುತ್ತದೆ.

ಮತ್ತೊಂದು ಸಂಗತಿ. ಆ ಬರಹದ ಶೀರ್ಷಿಕೆಯಲ್ಲಿ ‘ಇಂಡಿಪೆಂಡೆನ್ಸ್’ ಎಂಬ ಪದವೇ ಇಲ್ಲ. ಡನ್ಲಪ್ ಎಂಬ ಮುದ್ರಕ ಅಚ್ಚು ಹಾಕಿದ ಮೊದಲ ಹಾಳೆಯಲ್ಲಿ, ಕಾಂಗ್ರೆಸ್ಸಿನಲ್ಲಿ ಸೇರಿದ ಪ್ರತಿನಿಧಿಗಳ ಡಿಕ್ಲರೇಷನ್ ಎಂದಷ್ಟೇ ಇದೆ. ನ್ಯೂಯಾರ್ಕ್ ಜುಲೈ 9ರಂದು ಒಪ್ಪಿಗೆ ಕೊಟ್ಟಿತು. ಆಮೇಲೆ, ಜುಲೈ 19ರಂದು, ಚರ್ಮದ ಹಾಳೆಯ ಮೇಲೆ ಬರೆಸುವಾಗ ‘ಹದಿಮೂರು ಸಂಯುಕ್ತ ರಾಜ್ಯಗಳ ಸರ್ವಾನುಮತದ’ ಎಂದು ಸೇರಿಸಿದರು. ಅದಕ್ಕೆ ಸಹಿ ಬೀಳಲಾರಂಭಿಸಿದ್ದು ಆಗಸ್ಟ್ 2ರಂದು. ನೀವು ಚರ್ಮದ ಹಾಳೆಯ ಚಿತ್ರ ಹಾಕುತ್ತಿದ್ದರೆ, ಚಿತ್ರದಲ್ಲಿರುವ ಶೀರ್ಷಿಕೆಯನ್ನು ಇದ್ದಂತೆಯೇ ಕನ್ನಡಿಸಿ. ಜನರ ಬಾಯಲ್ಲಿರುವ ಹೆಸರನ್ನು ಕೆಳಗೆ ಚಿಕ್ಕ ಅಕ್ಷರದಲ್ಲಿ ಹಾಕಿ.

ಫಿಲಡೆಲ್ಫಿಯಾ ಬಳಿಯಿಂದ:

ಧಾರವಾಡದ ಹಿರಿಯರಿಗೆ ಅನಂತ ಧನ್ಯವಾದಗಳು. ಚಿತ್ರ ಚರ್ಮದ ಹಾಳೆಯದೇ. ‘ಪಡೆಯಿತು’ ಎಂಬುದನ್ನು ತೆಗೆದೆ. ಶೀರ್ಷಿಕೆಯಲ್ಲಿ ‘ಸಂಯುಕ್ತ ಸಂಸ್ಥಾನಗಳು’ ಎನ್ನಲೋ ‘ಸಂಯುಕ್ತ ರಾಜ್ಯಗಳು’ ಎನ್ನಲೋ? ಕನ್ನಡ ಪಠ್ಯಪುಸ್ತಕಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಎಂದೇ ಓದಿದ್ದೇವೆ. ಉಳಿದ ಎರಡು ಪ್ರಶ್ನೆಗಳಿಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಧಾರವಾಡದಿಂದ:

ರಾಜ್ಯಗಳು. ಹೈದರಾಬಾದ್ ಸಂಸ್ಥಾನ, ಸಾಂಗಲಿ ಸಂಸ್ಥಾನ ಎಂದೆಲ್ಲ ಕೇಳಿ ಬೆಳೆದವರಿಗೆ ಸಂಸ್ಥಾನ ಎಂದರೆ ಮೇಲೊಬ್ಬ ಸಾರ್ವಭೌಮನಿದ್ದಾನೆ ಎಂದೇ ಅರ್ಥ. ಯಾರ ಅಧೀನವೂ ಅಲ್ಲ ಎಂದು ಹೇಳಿಕೊಳ್ಳುವ ಕಾಗದದ ನೆತ್ತಿಯ ಮೇಲೆ ಆ ಪದ ಬೇಡ. ದೇಶದ ಹೆಸರಾಗಿ ರೂಢಿಯಲ್ಲಿರುವುದು ಇರಲಿ.

ತುಮಕೂರಿನಿಂದ:

ಎರಡನೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ಭೂದಾಖಲೆಗಳ ಕೆಲಸದಲ್ಲಿ ಇದ್ದವಳು ನಾನು. ‘ಏಲಿಯನೇಷನ್’ಗೆ ನಮ್ಮ ಕಚೇರಿಗಳಲ್ಲಿ ‘ಪರಭಾರೆ’ ಎಂಬ ಪದ ಮೊದಲಿನಿಂದಲೂ ಇದೆ. ಮಾರಾಟ, ದಾನ, ಅಡಮಾನ, ಯಾವ ರೀತಿಯಲ್ಲಾದರೂ ಆಸ್ತಿ ಬೇರೊಬ್ಬರ ಕೈಗೆ ದಾಟುವುದು ಪರಭಾರೆ. ಸರ್ಕಾರ ಮಂಜೂರು ಮಾಡಿದ ಜಮೀನಿನ ಆದೇಶದಲ್ಲಿ ಇಷ್ಟು ವರ್ಷ ಪರಭಾರೆ ಮಾಡಕೂಡದು ಎಂಬ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನಿನ ಬಗ್ಗೆ 1978ರ ಕಾಯ್ದೆಯನ್ನು ಹಳ್ಳಿಯವರೂ ಪರಭಾರೆ ನಿಷೇಧ ಕಾಯ್ದೆ ಎಂದೇ ಹೇಳುತ್ತಾರೆ.

ಆ ಷರತ್ತಿನ ಮರ್ಮ ನೋಡಿ. ಬೇರೆಯವರು ಕಸಿದುಕೊಳ್ಳಬಾರದು ಎಂಬುದಷ್ಟೇ ಅಲ್ಲ, ಜಮೀನು ಪಡೆದವನೇ ಕಷ್ಟಕ್ಕೆ ಸಿಕ್ಕಿ, ಸಾಲ ಕೊಟ್ಟವನ ಮಾತಿಗೆ ಬಿದ್ದು, ಬರೆದುಕೊಟ್ಟರೂ ಆ ಕಾಗದ ನಿಲ್ಲುವುದಿಲ್ಲ. ಜಮೀನು ಅವನದೇ. ಜೆಫರ್ಸನ್‌ನ ಪದ ಹೇಳುವುದೂ ಇದನ್ನೇ. ಜೀವ, ಸ್ವಾತಂತ್ರ್ಯ, ಸುಖದ ಅನ್ವೇಷಣೆ ಇವು ಮನುಷ್ಯ ತಾನಾಗಿ ಬರೆದುಕೊಟ್ಟರೂ ಅವನಿಂದ ದಾಟದ ಹಕ್ಕುಗಳು. ನಿಮ್ಮ ಅಪ್ಪ ರಾಜನಿಗೆ ಶರಣಾಗಿದ್ದ, ಆದ್ದರಿಂದ ನೀವೂ ಶರಣು ಎಂಬ ವಾದವನ್ನು ಈ ಒಂದು ಪದ ಬುಡಸಮೇತ ಕೀಳುತ್ತದೆ. ‘ಕಸಿದುಕೊಳ್ಳಲಾಗದ’ ಎಂದರೆ ಅರ್ಧ ಅರ್ಥ ಹೋಯಿತು. ‘ಪರಭಾರೆಯಾಗದ ಹಕ್ಕುಗಳು’ ಎಂದು ಬರೆಯಿರಿ.

ಸಾಗರದಿಂದ:

ಪರಭಾರೆ ತಾಲೂಕು ಕಚೇರಿಯ ಕನ್ನಡ. ಮನುಷ್ಯನ ಹಕ್ಕಿಗೆ ಪಹಣಿಯ ಪದವೇ? ‘ಬಿಟ್ಟುಕೊಡಲಾಗದ ಹಕ್ಕುಗಳು’ ಎಂದರೆ ಸಾಕು.

ತುಮಕೂರಿನಿಂದ:

ಸಾಲದು. ‘ಬಿಟ್ಟುಕೊಡಲಾಗದ’ ಎಂದರೆ ಹಟ ಹಿಡಿದವನ ಮಾತಾಗುತ್ತದೆ, ನನಗೆ ಬಿಡಲು ಮನಸ್ಸಿಲ್ಲ ಎಂದು. ಇಲ್ಲಿ ಮನಸ್ಸಿನ ಪ್ರಶ್ನೆಯಿಲ್ಲ. ಪಹಣಿಯ ಪದವೆಂದು ಮೂಗು ಮುರಿಯುವ ಮುನ್ನ ಒಂದು ಯೋಚನೆ ಮಾಡಿ: ಇಂಗ್ಲಿಷಿನಲ್ಲೂ ಅದು ಆಸ್ತಿಯ ಪದವೇ. ಜೆಫರ್ಸನ್ ಅದನ್ನು ಜಮೀನಿನ ಕಾಗದದಿಂದ ಎತ್ತಿ ಮನುಷ್ಯನಿಗೆ ಕೊಟ್ಟ. ನಮ್ಮ ಕನ್ನಡಕ್ಕೂ ಆ ಧೈರ್ಯ ಇರಲಿ.

ಇನ್ನೊಂದು ಮಾತು. 1930ರ ಜನವರಿ 26ರಂದು ದೇಶದ ತುಂಬ ಓದಿದ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯ ಇಂಗ್ಲಿಷ್ ಪಾಠದ ಮೊದಲ ವಾಕ್ಯದಲ್ಲಿ ಇದೇ ಪದವಿದೆ. ಯಾವ ಸರ್ಕಾರ ಜನರ ಹಕ್ಕುಗಳನ್ನು ಇಲ್ಲವಾಗಿಸುತ್ತದೆಯೋ ಅದನ್ನು ಬದಲಿಸುವ ಅಥವಾ ತೊಡೆದುಹಾಕುವ ಹಕ್ಕು ಜನರಿಗಿದೆ ಎಂಬ ಮಾತೂ ಅದರಲ್ಲಿದೆ. 1776ರ ಎರಡು ಕ್ರಿಯಾಪದಗಳು ಅದೇ ಜೋಡಿಯಾಗಿ ಬಂದಿವೆ. ಫಲಕದಲ್ಲಿ ಒಂದು ಸಾಲು ಜಾಗವಿದ್ದರೆ ಇದನ್ನು ಹಾಕಿ. ಕನ್ನಡ ಓದುವವರಿಗೆ ಆ ಕಾಗದ ತಮಗೂ ಸಂಬಂಧಪಟ್ಟದ್ದೆಂದು ತಿಳಿಯುತ್ತದೆ.

ಬೆಂಗಳೂರಿನಿಂದ:

‘ಪ್ರಜೆ’ಯ ವಿಷಯ. ಪ್ರ ಎಂಬ ಉಪಸರ್ಗ, ಜನ್ ಧಾತು, ಹುಟ್ಟಿದ್ದು ಎಂಬರ್ಥ. ರಾಜ ತಂದೆ, ಪ್ರಜೆ ಸಂತಾನ. ರಾಜನಿಲ್ಲದೆ ಆ ಪದ ನಿಲ್ಲುತ್ತಲೇ ಇರಲಿಲ್ಲ. ಆದರೆ ನಾವು ರಾಜನನ್ನು ಕಳುಹಿಸಿಕೊಟ್ಟು ಪದವನ್ನು ಉಳಿಸಿಕೊಂಡೆವು. ಸಂವಿಧಾನದ ಪ್ರಸ್ತಾವನೆ ಇಂಗ್ಲಿಷಿನಲ್ಲಿ ‘ಪೀಪಲ್’ ಎನ್ನುತ್ತದೆ, ಹಿಂದಿಯಲ್ಲಿ ‘ಲೋಗ್’ ಎನ್ನುತ್ತದೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಗಟ್ಟಿಯಾಗಿ ಓದುವುದು ‘ಭಾರತದ ಪ್ರಜೆಗಳಾದ ನಾವು’ ಎಂದು. ಹೀಗಾಗಿ ಕನ್ನಡದ ಪ್ರಜೆ ಈಗ ಎರಡೂ ದಡದ ಮೇಲೆ ಕಾಲಿಟ್ಟು ನಿಂತಿದ್ದಾನೆ.

ಜೆಫರ್ಸನ್‌ನ ಉಜ್ಜಿದ ಕಲೆಗೆ ಮಾತ್ರ ಈ ಪದ ಒಂದೇ ಸಾಲದು. ಅವನು ಆ ಹಾಳೆಯಲ್ಲಿ ಮಾಡಿದ್ದೇ ಪದದ ಬದಲಾವಣೆ. ಹಳೆಯದಕ್ಕೆ ‘ರಾಜನ ಪ್ರಜೆಗಳು’ ಎಂದೂ ಹೊಸದಕ್ಕೆ ‘ನಾಗರಿಕರು’ ಎಂದೂ ಬರೆಯಿರಿ. ಕಾನೂನಿನಲ್ಲಿ ಪೌರತ್ವ ಇದೆ, ಆದರೂ ‘ಸಹಪೌರರು’ ಎಂದು ಗೋಡೆಯ ಮೇಲೆ ಬರೆದರೆ ಪುರಸಭೆಯ ನೆನಪು ಮೊದಲು ಬರುತ್ತದೆ.

ಅನುವಾದದಲ್ಲಿ ಎಚ್ಚರ ಬೇಕಾದ ಇನ್ನೊಂದು ಕಡೆ ಇದೆ. ಕೊನೆಯ ದೂರಿನಲ್ಲಿ ಬರುವ ‘ಇಂಡಿಯನ್’ ನಾವಲ್ಲ, ಆ ನೆಲದ ಮೂಲನಿವಾಸಿಗಳು. ಅವರನ್ನು ಅಲ್ಲಿ ‘ದಯೆಯಿಲ್ಲದ ಕಾಡುಜನ’ ಎಂದು ಬಯ್ದಿದ್ದಾರೆ. ಅದನ್ನು ಮೆದುಗೊಳಿಸಿ ಕನ್ನಡಿಸಬೇಡಿ. ಗುಲಾಮರ ವ್ಯಾಪಾರದ ಹೊಣೆಯನ್ನು ರಾಜನ ಮೇಲೆ ಹೊರಿಸಿದ್ದ ದೀರ್ಘ ಭಾಗವನ್ನು ಕಾಂಗ್ರೆಸ್ ಹೊಡೆದುಹಾಕಿತು. ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾಗಳ ಒತ್ತಡ ಕಾರಣವೆಂದು ಜೆಫರ್ಸನ್ನೇ ಬರೆದಿಟ್ಟಿದ್ದಾನೆ. ಅದನ್ನು ಬರೆದವನು ತನ್ನ ಆಯುಷ್ಯದಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದವನು. ‘ಎಲ್ಲ ಮನುಷ್ಯರೂ ಸಮಾನರು’ ಎಂದು ದೊಡ್ಡ ಅಕ್ಷರದಲ್ಲಿ ಹಾಕುವಾಗ ಇದಕ್ಕೂ ಜಾಗ ಕೊಡಿ.

ಸಾಗರದಿಂದ:

ನಾಗರಿಕ, ಪೌರ, ಪ್ರಜೆ, ಸ್ವಾತಂತ್ರ್ಯ, ಘೋಷಣೆ. ಇಷ್ಟು ಹೊತ್ತಿನ ಮೇಲೂ ಒಂದು ಕನ್ನಡ ಪದ ಒಳಗೆ ಬರಲಿಲ್ಲ.

ನಮ್ಮ ಜಿಲ್ಲೆಯ ಮಾತು ಹೇಳುತ್ತೇನೆ. 1942ರಲ್ಲಿ ಶಿಕಾರಿಪುರ ತಾಲೂಕಿನ ಈಸೂರು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಕಟ್ಟಿದರು. ಚಿಕ್ಕ ಹುಡುಗರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಅಧಿಕಾರಿಗಳು ಪೊಲೀಸರೊಂದಿಗೆ ಬಂದಾಗ ಗಲಭೆಯಾಗಿ ಸಾವುಗಳಾದವು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಆ ಊರಿನ ಮಾತು ಇಂದಿಗೂ ನಾಡಿಗೆಲ್ಲ ಬಾಯಿಪಾಠ: ‘ಏಸೂರು ಕೊಟ್ಟರೂ ಈಸೂರು ಕೊಡೆವು.’ ಊರ ಹೆಸರನ್ನು ಬಿಟ್ಟರೆ ಎಷ್ಟು, ಊರು, ಕೊಡು ಇಷ್ಟೇ ಅದರ ಬಂಡವಾಳ. ಕತ್ತಿಗೆ ಹಗ್ಗ ಬೀಳುವಷ್ಟು ದೊಡ್ಡ ಮಾತನ್ನು ಒಕ್ಕಲು ಮಕ್ಕಳು ತಮ್ಮ ನುಡಿಯಲ್ಲೇ ಆಡಿದರು. ಓದಿದ ನಮಗೆ ಮಾತ್ರ ದೊಡ್ಡ ಮಾತಿಗೆ ದೊಡ್ಡ ಉಸಿರಿನ ಅಕ್ಷರ ಬೇಕು.

ಮೈಸೂರಿನಿಂದ:

ಈಸೂರಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಆ ಊರಿನವರೇ ಕೂಗಿದ್ದು ‘ವಂದೇ ಮಾತರಂ’ ಎಂದು. ಹಾಕಿಕೊಂಡದ್ದು ಗಾಂಧಿ ಟೋಪಿ, ನೇಮಿಸಿಕೊಂಡದ್ದು ಅಮಲ್ದಾರನನ್ನು. ‘ಅಮಲ್ದಾರ’ ಯಾವ ಭಾಷೆಯದು? ಅವರಿಗೆ ಸಂಸ್ಕೃತವೂ ಮೈಲಿಗೆಯಾಗಿರಲಿಲ್ಲ, ಫಾರಸಿಯೂ ಮೈಲಿಗೆಯಾಗಿರಲಿಲ್ಲ.

ಕಲಬುರಗಿಯಿಂದ:

ಮೇಷ್ಟ್ರು ಈ ಮಾತನ್ನು ‘ಜಾಹೀರು’ ಬಂದಾಗಲೇ ಹೇಳಬಹುದಿತ್ತು.

ಮೈಸೂರಿನಿಂದ:

ಜಾಹೀರಿಗೆ ನಾನು ಅಡ್ಡ ಬಂದದ್ದು ಅರಬ್ಬಿಯೆಂದಲ್ಲ. ‘ಸ್ವಾತಂತ್ರ್ಯದ ಜಾಹೀರುನಾಮೆ’ ಎಂಬಲ್ಲಿ ಎರಡು ಪದಗಳು ಒಂದರ ಮುಖ ಒಂದು ನೋಡುವುದಿಲ್ಲ.

ಧಾರವಾಡದಿಂದ:

ನೋಡುತ್ತವೆ. ‘ಜಿಲ್ಲಾಧಿಕಾರಿ’ಯಲ್ಲಿ ಅರಬ್ಬಿಗೂ ಸಂಸ್ಕೃತಕ್ಕೂ ಸವರ್ಣದೀರ್ಘ ಸಂಧಿಯನ್ನೇ ಮಾಡಿದ್ದೇವೆ. ‘ದಿನಗೂಲಿ’ಯಲ್ಲಿ ಸಂಸ್ಕೃತದ ದಿನಕ್ಕೆ ನಮ್ಮ ಕೂಲಿ ಗಕಾರಾದೇಶ ಪಡೆದು ಕುಳಿತಿದೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೂ ಅರಿಸಮಾಸವನ್ನು, ಎಂದರೆ ಸಂಸ್ಕೃತಕ್ಕೂ ಕನ್ನಡಕ್ಕೂ ಬೆಸೆದ ಸಮಾಸವನ್ನು, ದೋಷವೆಂದು ಹೇಳಿ, ಪೂರ್ವಕವಿಪ್ರಯೋಗಕ್ಕೂ ಬಿರುದಾವಳಿಗೂ ಬಾಗಿಲು ತೆರೆದೇ ಇಟ್ಟ. ಜಾಹೀರುನಾಮೆಯನ್ನು ನಾನು ಬೇಡವೆನ್ನುವುದು ಬೇರೆ ಕಾರಣಕ್ಕೆ. ಅದು ಮೇಲಿನಿಂದ ಕೆಳಗೆ ಬರುವ ಕಾಗದ. 1775ರ ಆಗಸ್ಟ್ 23ರಂದು ಮೂರನೆಯ ಜಾರ್ಜ್ ವಸಾಹತುಗಳವರನ್ನು ಬಂಡುಕೋರರೆಂದು ಹೊರಡಿಸಿದ್ದಕ್ಕೆ ಅದನ್ನು ಬಳಸಿದರೆ ಚೆನ್ನ, ಅದರ ಹೆಸರು ‘ಪ್ರೊಕ್ಲಮೇಷನ್’. ಅದೇ ಬೇಸಿಗೆಯಲ್ಲಿ ವಸಾಹತುಗಳು ರಾಜಿ ಕೋರಿ ಕಳುಹಿಸಿದ್ದ ಪತ್ರ ‘ಪೆಟಿಷನ್’, ನಮ್ಮ ಬಿನ್ನಹ. ರಾಜ ಅದನ್ನು ಸ್ವೀಕರಿಸಲೇ ಇಲ್ಲ. ಬಿನ್ನಹ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಜಾಹೀರುನಾಮೆ ಮೇಲಿನಿಂದ ಕೆಳಕ್ಕೆ ಬರುತ್ತದೆ. 1776ರ ಬರಹ ಇವೆರಡೂ ಅಲ್ಲ, ಅದು ರಾಜನ ಕಡೆಗೆ ತಿರುಗಿಯೇ ಇಲ್ಲ. ಅವನನ್ನು ‘ಅವನು’ ಎಂದು ಕರೆದು, ಜಗತ್ತಿನ ಜೊತೆ ಸರಿಸಮನಾಗಿ ಮಾತನಾಡುತ್ತದೆ. ಅನುವಾದದಲ್ಲಿ ‘ದೊರೆಗಳು ಒಪ್ಪಿಗೆ ಕೊಡಲಿಲ್ಲ’ ಎಂದು ಬಹುವಚನ ಹಾಕಿದರೆ ಆ ಕಾಗದದ ಸಿಟ್ಟೆಲ್ಲ ಇಳಿದುಹೋಗುತ್ತದೆ. ಏಕವಚನವೇ ಇರಲಿ.

ಎರವಲಿನ ಜಗಳವನ್ನು ಬೇರೆ ಎಳೆಗೆ ಒಯ್ಯಿರಿ.

ಫಿಲಡೆಲ್ಫಿಯಾ ಬಳಿಯಿಂದ:

ಎಲ್ಲರಿಗೂ ಋಣಿ. ಮುದ್ರಣಕ್ಕೆ ಕಳುಹಿಸುತ್ತಿರುವ ಪಾಠ ಇದು. ನಾಳೆ ಬೆಳಗಿನವರೆಗೆ ತಿದ್ದಲು ಅವಕಾಶವಿದೆ.

ಶೀರ್ಷಿಕೆ: ಹದಿಮೂರು ಸಂಯುಕ್ತ ಅಮೆರಿಕ ರಾಜ್ಯಗಳ ಸರ್ವಾನುಮತದ ಘೋಷಣೆ. ಕೆಳಗೆ ಚಿಕ್ಕ ಅಕ್ಷರದಲ್ಲಿ: ಸ್ವಾತಂತ್ರ್ಯ ಘೋಷಣೆ ಎಂದು ಪ್ರಸಿದ್ಧ, ಅಂಗೀಕಾರ ಜುಲೈ 4, 1776.

ನಡುವಿನ ಭಾಗ: ‘ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು, ಪರಭಾರೆಯಾಗದ ಕೆಲವು ಹಕ್ಕುಗಳನ್ನು ಸೃಷ್ಟಿಕರ್ತನು ಅವರಿಗೆ ಕೊಟ್ಟಿದ್ದಾನೆ, ಜೀವ, ಸ್ವಾತಂತ್ರ್ಯ ಮತ್ತು ಸುಖದ ಅನ್ವೇಷಣೆ ಅವುಗಳಲ್ಲಿ ಸೇರಿವೆ: ಈ ಸತ್ಯಗಳು ಸ್ವಯಂಸಿದ್ಧವೆಂದು ನಾವು ಎಣಿಸುತ್ತೇವೆ.’ ಕೊನೆಯ ಭಾಗ: ‘ಈ ಸಂಯುಕ್ತ ವಸಾಹತುಗಳು ಸ್ವತಂತ್ರವೂ ಅನಧೀನವೂ ಆದ ರಾಜ್ಯಗಳಾಗಿವೆ, ನ್ಯಾಯವಾಗಿ ಆಗಿರತಕ್ಕವು ಎಂದು ಸಾರುತ್ತೇವೆ.’

ಕರಡಿನ ಚಿತ್ರದ ಕೆಳಗೆ: ‘ರಾಜನ ಪ್ರಜೆಗಳು ಎಂಬರ್ಥದ ಪದವನ್ನು ಉಜ್ಜಿ, ಅದರ ಮೇಲೆಯೇ ನಾಗರಿಕರು ಎಂಬರ್ಥದ ಪದ ಬರೆದ.’ ಗುಲಾಮರ ವ್ಯಾಪಾರದ ಭಾಗವನ್ನು ತೆಗೆದ ಸಂಗತಿಗೂ 1930ರ ಪ್ರತಿಜ್ಞೆಗೂ ಬಲಬದಿಯಲ್ಲಿ ಜಾಗ ಮಾಡಿಕೊಂಡಿದ್ದೇನೆ. ‘ಸಾರುತ್ತೇವೆ’ ಎಂಬುದು ಸಾಗರದವರಿಂದ ಬಂದದ್ದು, ಅಲ್ಲಿ ಅದು ನನಗೆ ಚೆನ್ನಾಗಿ ಕೇಳಿಸಿತು.

ಮೈಸೂರಿನಿಂದ:

‘ಅನಧೀನ’ ಸರಿಯಾದ ರೂಪ, ಇರಲಿ. ‘ಸ್ವಾಧೀನ’ ಎಂದು ಯಾರಾದರೂ ತಿದ್ದಲು ಬಂದರೆ ಬಿಡಬೇಡಿ. ಬಂಗಾಳಿಯಲ್ಲಿ ಅದು ಸ್ವತಂತ್ರ ಎಂಬರ್ಥದ್ದು, ನಮ್ಮಲ್ಲಿ ಭೂಸ್ವಾಧೀನ. ‘ಸೃಷ್ಟಿಕರ್ತನು’ ಎಂಬುದರ ಪಕ್ಕದಲ್ಲೇ ‘ಸೃಷ್ಟಿಯಾದವರು’ ಬಂದಿದೆ, ‘ಹುಟ್ಟಿದವರು’ ಎಂದು ಬದಲಿಸಬೇಡಿ, ಮೂಲದಲ್ಲೂ ಅದು ಒಂದೇ ಧಾತು.

ಸಾಗರದಿಂದ:

‘ಸರ್ವಾನುಮತದ’ ಬದಲು ‘ಒಮ್ಮತದ’.

ಧಾರವಾಡದಿಂದ:

ಬೇಡ. ಒಮ್ಮತ ಎಂದರೆ ಎಲ್ಲರ ಮನಸ್ಸು ಒಂದಾದದ್ದು. ಅಲ್ಲಿ ಆದದ್ದು ಮತಗಳ ಲೆಕ್ಕ. ಅದೂ ನ್ಯೂಯಾರ್ಕ್ ಬಂದು ಸೇರಿದ ಮೇಲೆ.